ನಿಲ್ಲದೆ ಓಡುವ ಮಾದರಿ ರೈಲು: ಮೊದಲು ವಯರಿಂಗ್, ಆಮೇಲೆ ಎರೆ ಹೊಲ

ಮಾದರಿ ರೈಲಿನ ವಿಷಯ ಬಂದಾಗಲೆಲ್ಲ ಓದುಗರು ತಿರುಗಿಮುರುಗಿ ಕೇಳುವುದು ಎರಡೇ ಪ್ರಶ್ನೆ. ಒಂದು: "ಹೊಸಾ ಎಂಜಿನ್ ತಂದೀನ್ರಿ, ಹಳಿ ಜೋಡಿಸೀನಿ. ಆ ಮೂಲಿಗೆ ಬಂದ ಕೂಡ್ಲೆ ನಿಂತುಬಿಡ್ತೈತಿ. ಬೆರಳಿಲೆ ನೂಕಿದ್ರ ಮತ್ತ ಓಡ್ತೈತಿ. ಎಂಜಿನ್ ಕೆಟ್ಟೈತೇನ್ರಿ?" ಇನ್ನೊಂದು: "ವಿಡಿಯೋದಾಗ ತೋರಸೋ ಹುಲ್ಲು, ಗಿಡ, ಕಲ್ಲು ಒಂದೂ ಹುಬ್ಬಳ್ಳ್ಯಾಗ ಸಿಗಂಗಿಲ್ಲ. ಏನ್ ಮಾಡೂದ್ರಿ?"

ಮೊದಲನೆಯದಕ್ಕೆ ಉತ್ತರ: ಎಂಜಿನ್ ಬಹುತೇಕ ಚೆನ್ನಾಗಿಯೇ ಇರುತ್ತದೆ, ಆ ಮೂಲೆಗೆ ಕರೆಂಟ್ ಮುಟ್ಟುತ್ತಿರುವುದಿಲ್ಲ. ಎರಡನೆಯದಕ್ಕೆ: ಬೇಕಾದದ್ದೆಲ್ಲ ಇಲ್ಲಿಯೇ ಸಿಗುತ್ತದೆ, ರೈಲು ಸಾಮಾನು ಎಂಬ ಚೀಟಿ ಅಂಟಿಸಿಕೊಂಡು ಮಾತ್ರ ಸಿಗುವುದಿಲ್ಲ. ಗ್ಯಾಸ್ಕೆಟ್ ಅಂಗಡಿ, ಔಷಧಿ ಅಂಗಡಿ, ಜಲ್ಲಿ ಕ್ರಷರ್, ಹೊಲದ ಬದು ಹೀಗೆ ನಾಲ್ಕು ಕಡೆ ಹೋಗಬೇಕು, ಅಷ್ಟೆ. ಎರಡಕ್ಕೂ ಸೇರಿಸಿ ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಗುಡ್ಡ, ಗಿಡ ಮಾಡುವುದು ಖುಷಿಯ ಕೆಲಸ, ಆದ್ದರಿಂದ ಎಲ್ಲರೂ ಅದಕ್ಕೇ ಮೊದಲು ಕೈ ಹಾಕುತ್ತಾರೆ. ಆಮೇಲೆ ಗುಡ್ಡದ ಕೆಳಗಿನ ವಯರ್ ಕಿತ್ತರೆ ಗುಡ್ಡವನ್ನೇ ಒಡೆಯಬೇಕಾಗುತ್ತದೆ.

ಹಂತ 1: ಸ್ಕೇಲ್ ಗೊತ್ತುಮಾಡಿ, ಆಸೆಗೆ ಅಳತೆ ಹಾಕಿ

ಸ್ಕೇಲ್ ಎಂದರೆ ನಿಜವಾದ ರೈಲಿಗಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಎಂಬ ಲೆಕ್ಕ. ಎಚ್‌ಒ ಎಂದರೆ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎನ್ ಎಂದರೆ 160ರಲ್ಲಿ ಒಂದು ಪಾಲು, ಅಂತರ 9 ಮಿ.ಮೀ. ಜಾಗ ತೀರಾ ಕಡಿಮೆ ಇದ್ದರೆ ಎನ್. ಇಲ್ಲವಾದರೆ ಎಚ್‌ಒ ತೊಗೊಳ್ಳಿ, ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುತ್ತದೆ, ರಿಪೇರಿ ಸುಲಭ. ಮುಂದಿನ ಲೆಕ್ಕಗಳೆಲ್ಲ ಎಚ್‌ಒದವು.

"ಹುಬ್ಬಳ್ಳಿ ಸ್ಟೇಷನ್ನನ್ನೇ ಮಾಡಬೇಕು" ಎನ್ನುವವರು ಬಹಳ. 2023ರಲ್ಲಿ ಉದ್ಘಾಟನೆಯಾದ ಇಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. 87ರಿಂದ ಭಾಗಿಸಿದರೂ 17 ಮೀಟರ್ ದಾಟುತ್ತದೆ. ಅಷ್ಟುದ್ದದ ಪಡಸಾಲೆ ಯಾರ ಮನೆಯಲ್ಲೂ ಇರಲಿಕ್ಕಿಲ್ಲ. ಅದನ್ನು ಬಿಟ್ಟು ಅಣ್ಣಿಗೇರಿಯಂಥ, ಯಲವಿಗಿಯಂಥ ದಾರಿ ನಡುವಿನ ಸ್ಟೇಷನ್ ಆರಿಸಿಕೊಳ್ಳಿ: ಎರಡು ಮುಖ್ಯ ಹಳಿ, ಒಂದು ಲೂಪ್ (ಪಕ್ಕಕ್ಕೆ ಹೋಗಿ ಮತ್ತೆ ಮುಖ್ಯ ಹಳಿ ಸೇರುವ ಹಳಿ), ಒಂದು ಗೂಡ್ಸ್ ಸೈಡಿಂಗ್ (ಗಾಡಿ ನಿಲ್ಲಿಸಿಡುವ ಪಕ್ಕದ ಹಳಿ).

ಎಂಟು-ನಾಲ್ಕರ ಪ್ಲೈವುಡ್ ಶೀಟ್ ಎಂದರೆ 244 ಸೆಂ.ಮೀ. ಉದ್ದ, 122 ಸೆಂ.ಮೀ. ಅಗಲ. ಅದರಲ್ಲಿ 56 ಸೆಂ.ಮೀ. ತ್ರಿಜ್ಯದ ತಿರುವು ಹಾಕಿ ಅಂಚಿಗೆ 5 ಸೆಂ.ಮೀ. ಬಿಟ್ಟರೆ ನೆಟ್ಟಗಿನ ಹಳಿಗೆ ಉಳಿಯುವುದು ಬರೀ 122 ಸೆಂ.ಮೀ. ಎಲ್‌ಎಚ್‌ಬಿ ಎಂಬ ಹೊಸ ಬಗೆಯ ಪ್ರಯಾಣಿಕರ ಬೋಗಿಯ ನಿಜವಾದ ಉದ್ದ 23.5 ಮೀಟರ್, ಮಾದರಿಯಲ್ಲಿ 27 ಸೆಂ.ಮೀ. ನಾಲ್ಕು ಬೋಗಿ ನಿಲ್ಲಿಸಿದರೆ ಎಂಜಿನ್ನಿಗೆ ಜಾಗವಿಲ್ಲ. ಮೇಲಾಗಿ ಇಷ್ಟು ಬಿಗಿ ತಿರುವಿನಲ್ಲಿ ಉದ್ದ ಬೋಗಿಯ ಹೊಟ್ಟೆ ಒಳಕ್ಕೂ ತುದಿ ಹೊರಕ್ಕೂ ಚಾಚಿ ನೋಡಲು ಚೆಂದ ಕಾಣುವುದಿಲ್ಲ. ಅದಕ್ಕೇ ಚಿಕ್ಕ ಲೇಔಟಿಗೆ (ಹಲಗೆಯ ಮೇಲಿನ ಇಡೀ ರೈಲು ಜೋಡಣೆಗೆ) ಗೂಡ್ಸ್ ಗಾಡಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಲ್ಲಿದ್ದಲು, ಅದಿರು ತುಂಬುವ ಬಾಕ್ಸ್-ಎನ್ ವ್ಯಾಗನ್ 10.7 ಮೀಟರ್ ಉದ್ದದ್ದು. ಎಂಟು ವ್ಯಾಗನ್ ಸೇರಿದರೂ ಮಾದರಿಯಲ್ಲಿ ಒಂದು ಮೀಟರ್ ಆಗುತ್ತದೆ. ಹುಬ್ಬಳ್ಳಿ-ಗದಗ ಮಾರ್ಗದಲ್ಲಿ ಹಗಲೂ ರಾತ್ರಿ ಓಡುವುದೂ ಇಂಥ ಗಾಡಿಗಳೇ.

ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಲೆಕ್ಕದ ಪ್ರಕಾರ ಎಚ್‌ಒದಲ್ಲಿ ಹಳಿ 19.3 ಮಿ.ಮೀ. ಅಗಲ ಇರಬೇಕು. ಅಂಗಡಿಯಲ್ಲಿ ಸಿಗುವ 16.5 ಮಿ.ಮೀ. ಹಳಿ 1,435 ಮಿ.ಮೀ. ಗೇಜಿನ ದೇಶಗಳಿಗಾಗಿ ಮಾಡಿದ್ದು. ಈ ವ್ಯತ್ಯಾಸವನ್ನು ಒಪ್ಪಿಕೊಂಡು ಮುಂದೆ ಹೋಗಿ. ಇನ್ನು, 90ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವ ಮೊದಲಿನ ಗದಗನ್ನೇ ಮಾಡಬೇಕು ಎನ್ನುವವರಿಗೆ 12 ಮಿ.ಮೀ.ನ ಮೀಟರ್ ಗೇಜ್ ಹಳಿ ಇದೆ. ಅದು ದುಬಾರಿ, ಅಪರೂಪ. ಮೊದಲ ಲೇಔಟಿಗೆ ಬೇಡ.

ಹಂತ 2: ಜಾಗ ಮತ್ತು ಹಲಗೆ

ತಗಡಿನ ಮಾಳಿಗೆ ಕೋಣೆ ಬೇಡ. ಬೇಸಿಗೆಯ ಕಾವಿಗೆ ಪ್ಲಾಸ್ಟಿಕ್ ಸ್ಲೀಪರ್ (ಹಳಿಗಳ ಕೆಳಗಿನ ಅಡ್ಡ ತುಂಡುಗಳು) ಬಾಗುತ್ತವೆ. ಧಾರವಾಡದ ಕಡೆಯವರು ಮಳೆಗಾಲದಲ್ಲಿ ತೇವ ಏರುವ ಗೋಡೆಯಿಂದಲೂ ದೂರ ಇರಬೇಕು. ಕೈ ಚಾಚಿದರೆ ಮುಟ್ಟುವುದು ಸುಮಾರು 75 ಸೆಂ.ಮೀ.ವರೆಗೆ ಮಾತ್ರ, ಆದ್ದರಿಂದ 122 ಸೆಂ.ಮೀ. ಅಗಲದ ಹಲಗೆಯನ್ನು ಗೋಡೆಗೆ ಒತ್ತಿ ಇಟ್ಟರೆ ಆಚೆ ಬದಿ ಹಳಿ ತಪ್ಪಿದ ಗಾಡಿ ಅಲ್ಲಿಯೇ ಉಳಿಯುತ್ತದೆ. ಕಾಲಿಗೆ ಗಾಲಿ ಹಾಕಿಸಿ, ಬೇಕಾದಾಗ ಎಳೆದುಕೊಳ್ಳಬಹುದು.

12 ಮಿ.ಮೀ. ಪ್ಲೈವುಡ್, ಕೆಳಗೆ ಮೂರು ಇಂಚು ಎತ್ತರದ ಕಟ್ಟಿಗೆ ಪಟ್ಟಿಗಳ ಚೌಕಟ್ಟು, ಪ್ರತಿ 40 ಸೆಂ.ಮೀ.ಗೆ ಒಂದು ಅಡ್ಡಪಟ್ಟಿ. ಬಡಿಗೇರರಿಗೆ "ಮಂಚದ ಚೌಕಟ್ಟಿನಂಗ, ಆದ್ರ ಹಗುರ" ಎಂದರೆ ತಿಳಿಯುತ್ತದೆ. ಪಟ್ಟಿ ಚೆನ್ನಾಗಿ ಒಣಗಿದ್ದಿರಲಿ. ಹಸಿ ಕಟ್ಟಿಗೆ ಬೇಸಿಗೆಯಲ್ಲಿ ಸೊಟ್ಟಗಾದರೆ ಹಳಿಯೂ ಸೊಟ್ಟಗಾಗುತ್ತದೆ. ಅಡ್ಡಪಟ್ಟಿಗಳ ನಡುಭಾಗದಲ್ಲಿ ಈಗಲೇ ಅರ್ಧ ಇಂಚಿನ ತೂತು ಕೊರೆಸಿ, ವಯರ್ ಹಾಯಲು ಬೇಕು. ಹಲಗೆಯ ಎರಡೂ ಮುಖಕ್ಕೆ, ಅಂಚಿಗೆ ಪ್ರೈಮರ್ ಬಳಿಯಿರಿ. ಎರೆ ನೆಲದ ಊರುಗಳಲ್ಲಿ ಗೆದ್ದಲು ನೆಲದಿಂದಲೇ ಕಾಲು ಹತ್ತುತ್ತದೆ, ಕಾಲಿನ ಬುಡಕ್ಕೆ ಗೆದ್ದಲಿನ ಔಷಧಿ ಮರೆಯಬೇಡಿ.

ಹಂತ 3: ನಿಜ ಅಳತೆಯಲ್ಲೇ ನಕ್ಷೆ

ಹಳೆಯ ಪೇಪರ್ ಅಂಟಿಸಿ ಹಲಗೆಯಷ್ಟೇ ದೊಡ್ಡ ಹಾಳೆ ಮಾಡಿ, ಅದರ ಮೇಲೆ ಗೀಟು ಹಾಕಿ. ತಿರುವಿಗೆ ಒಂದು ಮೊಳೆ, 56 ಸೆಂ.ಮೀ. ದಾರ, ತುದಿಗೆ ಪೆನ್ಸಿಲ್. ಎಡಕ್ಕೆ ತಿರುಗಿದ ಹಳಿ ತಕ್ಷಣ ಬಲಕ್ಕೆ ತಿರುಗಬಾರದು. ನಡುವೆ ನಿಮ್ಮ ಅತಿ ಉದ್ದದ ಗಾಡಿಯಷ್ಟಾದರೂ ನೆಟ್ಟಗಿನ ತುಂಡು ಇರಲಿ, ಇಲ್ಲವಾದರೆ ಕಪ್ಲಿಂಗ್ ಎಳೆದು ಗಾಡಿ ಹಳಿ ತಪ್ಪುತ್ತದೆ.

ಸೇತುವೆ ಹತ್ತಿಸುವ ಆಸೆ ಎಲ್ಲರಿಗೂ ಇರುತ್ತದೆ. ಒಂದು ಹಳಿ ಇನ್ನೊಂದರ ಮೇಲೆ ಹಾಯಲು 7.5 ಸೆಂ.ಮೀ. ಎತ್ತರ ಬೇಕು. ನೂರಕ್ಕೆ ಎರಡರ ಏರಿನಲ್ಲಿ ಅಷ್ಟು ಹತ್ತಲು 3.75 ಮೀಟರ್, ಇಳಿಯಲು ಮತ್ತೆ 3.75 ಮೀಟರ್. ಕ್ಯಾಸಲ್‌ರಾಕ್‌ನಿಂದ ಕುಳೇಂಗೆ ಇಳಿಯುವ ಘಾಟಿನಲ್ಲಿ ಏರು 37ಕ್ಕೆ 1, ಅಂದರೆ ನೂರಕ್ಕೆ 2.7. ಅಲ್ಲಿ ಗೂಡ್ಸ್ ಗಾಡಿಗೆ ಹಿಂದಿನಿಂದ ನೂಕಲು ಬೇರೆ ಎಂಜಿನ್ ಹಚ್ಚುತ್ತಾರೆ. ಎಂಟು-ನಾಲ್ಕರ ಹಲಗೆಗೆ ಇದು ಒಗ್ಗುವುದಲ್ಲ. ಹಳಿ ಮಟ್ಟಸವಾಗಿರಲಿ. ಹಳ್ಳ ಬೇಕಾದರೆ ಹಲಗೆಯನ್ನು ಕೆಳಕ್ಕೆ ಕತ್ತರಿಸಿ ಹಳಿಯ ಅಡಿಯಲ್ಲಿ ಹಳ್ಳ ಮಾಡಿ. ಗದಗ-ಅಣ್ಣಿಗೇರಿ ಕಡೆಯ ನೋಟಕ್ಕೂ ಅದೇ ಹೊಂದುತ್ತದೆ.

ಹಂತ 4: ಹಳಿ ಹಾಸುವುದು

ಹಳಿಯ ಕೆಳಗೆ 5 ಮಿ.ಮೀ. ಕಾರ್ಕ್ ಶೀಟ್. ಪಂಪ್‌ಸೆಟ್, ಎಂಜಿನ್‌ಗಳ ಗ್ಯಾಸ್ಕೆಟ್ ಮಾರುವ ಅಂಗಡಿಯಲ್ಲಿ ಕೇಳಿ. ಇದು ಸದ್ದು ತಗ್ಗಿಸುತ್ತದೆ, ಜಲ್ಲಿಗೆ ಇಳಿಜಾರು ಅಂಚನ್ನೂ ಕೊಡುತ್ತದೆ. ಫೆವಿಕಾಲ್‌ನಿಂದ ಅಂಟಿಸಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ.

ಬಾಗಿಸಬಹುದಾದ ಸುಮಾರು 91 ಸೆಂ.ಮೀ. ಉದ್ದದ ಫ್ಲೆಕ್ಸ್ ಟ್ರ್ಯಾಕ್ ಕೊಂಡರೆ ಕೀಲುಗಳು ಕಡಿಮೆ. ಸೆಟ್ ಡಬ್ಬದ ಚಿಕ್ಕ ಚಿಕ್ಕ ತುಂಡುಗಳಲ್ಲಿ ಕೀಲು ಹೆಚ್ಚು, ಕೀಲು ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಲೋಹ ನಿಕ್ಕಲ್ ಸಿಲ್ವರ್ ಆಗಿರಲಿ. ಹೆಸರಿಗೆ ಸಿಲ್ವರ್, ಒಳಗೆ ಇರುವುದು ತಾಮ್ರ, ನಿಕ್ಕಲ್, ಸತು. ಹಿತ್ತಾಳೆ ಹಳಿ ಅಗ್ಗ, ಆದರೆ ಬೇಗ ಕಿಲುಬು ಹಿಡಿದು ಕರೆಂಟ್ ತಡೆಯುತ್ತದೆ. ಫ್ಲೆಕ್ಸ್ ಟ್ರ್ಯಾಕ್ ಕತ್ತರಿಸಿದ ಮೇಲೆ ತುದಿಯನ್ನು ಸಣ್ಣ ಅರದಿಂದ ಉಜ್ಜಿ ನಯ ಮಾಡಿ. ಕಣ್ಣು ಮುಚ್ಚಿಕೊಂಡು ಕೀಲಿನ ಮೇಲೆ ಉಗುರು ಎಳೆಯಿರಿ: ಉಗುರು ತಡೆದರೆ ಗಾಲಿಯೂ ತಡೆಯುತ್ತದೆ.

ನೆಟ್ಟಗಿನ ಭಾಗದ ಕೀಲುಗಳಲ್ಲಿ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಬಿಡಿ. ಹಳಿ ಕಾವಿಗೆ ಹಿಗ್ಗುವುದಕ್ಕಿಂತ ಕೆಳಗಿನ ಕಟ್ಟಿಗೆ ತೇವಕ್ಕೆ ಹಿಗ್ಗಿ ಕುಗ್ಗುವುದೇ ಹೆಚ್ಚು. ಸಂದು ಬಿಡದಿದ್ದರೆ ಏಪ್ರಿಲ್‌ನಲ್ಲಿ ಹಳಿ ಬಿಲ್ಲಿನಂತೆ ಮೇಲೇಳುತ್ತದೆ. ತಿರುವಿನ ಕೀಲುಗಳಿಗೆ ಮಾತ್ರ ಬಾಗಿಸುವ ಮೊದಲೇ ಬೆಸುಗೆ ಹಾಕಿ, ಕೀಲಿನಲ್ಲಿ ಮೊಣಕೈಯಂಥ ಸೊಟ್ಟ ಮೂಡುವುದಿಲ್ಲ.

ಹಂತ 5: ವಯರಿಂಗ್

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಡಬ್ಬದ ಸೆಟ್‌ನಲ್ಲಿ ಎರಡು ವಯರ್ ಇರುತ್ತವೆ, ಹಳಿಯ ಒಂದು ಜಾಗಕ್ಕೆ ಸಿಕ್ಕಿಸುತ್ತೀರಿ. ಅಲ್ಲಿಂದ ಆಚೆ ಕರೆಂಟ್ ಹೋಗುವುದು ಹಳಿಯ ಮೂಲಕ, ಕೀಲಿನ ಮೇಲೆ ಜಾರಿಸಿದ ಪುಟ್ಟ ತಗಡಿನ ಜಾಯಿನರ್ ಮೂಲಕ. ಜಾಯಿನರ್ ಇರುವುದು ಹಳಿಯನ್ನು ಸಾಲಿನಲ್ಲಿ ಹಿಡಿಯಲು. ಅದು ಕರೆಂಟನ್ನೂ ಹೊರುತ್ತದೆ ಎಂದು ನಂಬಿದರೆ ಆರು ತಿಂಗಳಲ್ಲಿ ಅದರೊಳಗೆ ಧೂಳು, ಫೆವಿಕಾಲ್, ಕಿಲುಬು ಸೇರಿ ಕೆಲಸ ಕೆಡುತ್ತದೆ. ನಿಕ್ಕಲ್ ಸಿಲ್ವರ್ ಕೂಡ ತಾಮ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಡೆ ಒಡ್ಡುವ ಲೋಹ. ಮೂಲೆಗೆ ಬಂದ ಎಂಜಿನ್ ನಿಲ್ಲುವ ಗುಟ್ಟು ಇದೇ.

ಅದಕ್ಕೆ ಪರಿಹಾರ ಹಲಗೆಯ ಕೆಳಗಿದೆ. ಎರಡು ದಪ್ಪ ತಾಮ್ರದ ವಯರ್ ಲೇಔಟಿನ ಉದ್ದಕ್ಕೂ ಹಾಯಬೇಕು. ಇದಕ್ಕೆ ಬಸ್ ಎನ್ನುತ್ತಾರೆ. ಮನೆ ವಯರಿಂಗಿಗೆ ಬಳಸುವ 1.5 ಸ್ಕ್ವೇರ್ ಎಂಎಂ ವಯರ್ ಸಾಕು, ಒಂದು ಕೆಂಪು, ಒಂದು ಕರಿ. ಬಸ್‌ನಿಂದ ಪ್ರತಿಯೊಂದು ಹಳಿ ತುಂಡಿಗೂ ಸಣ್ಣ ವಯರ್ ಏರಬೇಕು, ಇದು ಫೀಡರ್. 0.5 ಸ್ಕ್ವೇರ್ ಎಂಎಂ ಇರಲಿ, ಉದ್ದ ಒಂದು ಗೇಣು ದಾಟದಿರಲಿ. ಪ್ರತಿಯೊಂದು ತುಂಡಿಗೂ ಎಂದರೆ ಪ್ರತಿಯೊಂದಕ್ಕೂ: ನಾಲ್ಕು ಬೆರಳಿನಷ್ಟು ತುಂಡಾದರೂ ಅದಕ್ಕೆ ತನ್ನದೇ ಫೀಡರ್, ಇಲ್ಲವೇ ಪಕ್ಕದ ತುಂಡಿಗೆ ಬೆಸುಗೆ.

ದಪ್ಪ ವಯರ್ ಯಾಕೆ? 5 ಮೀಟರ್ ಬಸ್ ಎಂದರೆ ಹೋಗಿ ಬರಲು 10 ಮೀಟರ್ ತಾಮ್ರ. 1.5 ಸ್ಕ್ವೇರ್‌ನಲ್ಲಿ ಅದರ ತಡೆ ಸುಮಾರು 0.12 ಓಮ್. 2 ಆಂಪಿಯರ್ ಹರಿದರೆ ಕಳೆದುಹೋಗುವುದು ಕಾಲು ವೋಲ್ಟ್ ಮಾತ್ರ. ಅದೇ 0.2 ಸ್ಕ್ವೇರ್‌ನ ತೆಳು ವಯರಾದರೆ ಕಳೆಯುವುದು ಹತ್ತಿರಹತ್ತಿರ 2 ವೋಲ್ಟ್. 12 ವೋಲ್ಟಿನ ರೈಲಿಗೆ ಅದು ಎದ್ದು ಕಾಣುವ ನಷ್ಟ.

ಬೆಸುಗೆ ಹಾಕುವ ಕ್ರಮ ಹೀಗೆ. ಫೀಡರ್ ಏರಬೇಕಾದ ಜಾಗದಲ್ಲಿ ಹಳಿಯ ಹೊರಬದಿಗೆ ಹಲಗೆಯಲ್ಲಿ ತೂತು ಕೊರೆಯಿರಿ. ಹಳಿಯ ಹೊರ ಪಕ್ಕವನ್ನು ಅರದಿಂದ ಹೊಳೆಯುವಂತೆ ಉಜ್ಜಿ. ಬೆಸುಗೆ ಹಿಡಿಯಲು ನೆರವಾಗುವ ರೋಸಿನ್ ಪೇಸ್ಟನ್ನು ಕಡ್ಡಿ ತುದಿಯಲ್ಲಿ ಮುಟ್ಟಿಸಿ, 60/40 ಸೋಲ್ಡರ್‌ನಿಂದ ಅಲ್ಲೊಂದು ತೆಳು ಲೇಪ ಹಿಡಿಸಿ. ವಯರಿನ ತುದಿಗೂ ಹಾಗೆಯೇ ಲೇಪ ಹಿಡಿಸಿ, ಎಲ್ ಆಕಾರಕ್ಕೆ ಬಾಗಿಸಿ ಹಳಿಗೆ ಒತ್ತಿ. ಬಿಸಿ ಸೋಲ್ಡರಿಂಗ್ ಐರನ್ ಎರಡು ಮೂರು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಸೋಲ್ಡರ್ ಹರಿದು ಹೊಳೆಯಬೇಕು. ಬೂದು ಬಣ್ಣದ ಗುಂಡಿಯಾಗಿ ಕೂತರೆ ಹಿಡಿದಿಲ್ಲವೆಂದೇ ತಿಳಿಯಿರಿ.

ಇಲ್ಲಿ ಮೂರು ಕಡೆ ಎಡವುತ್ತಾರೆ. ಒಂದು, ಸಣ್ಣ ಐರನ್ನನ್ನು ಬಹಳ ಹೊತ್ತು ಒತ್ತಿ ಹಿಡಿಯುವುದು. ಹಳಿ ಕಾವು ಹೀರುತ್ತದೆ, ಸ್ಲೀಪರ್ ಕರಗುತ್ತವೆ. ಅಗಲ ತುದಿಯ 40 ವ್ಯಾಟ್ ಐರನ್ ಚೆನ್ನಾಗಿ ಕಾಯಿಸಿ ಬೇಗ ಮುಗಿಸುವುದೇ ಲೇಸು. ಬೆಸುಗೆಯ ಎರಡೂ ಪಕ್ಕ ಒದ್ದೆ ಹತ್ತಿ ಇಟ್ಟರೆ ಸ್ಲೀಪರ್ ಉಳಿಯುತ್ತವೆ. ಎರಡು, ಪಾತ್ರೆಗೆ ಕಲಾಯಿ ಹಾಕುವ ನವಸಾಗರವನ್ನೋ ಆಸಿಡ್ ಫ್ಲಕ್ಸನ್ನೋ ಬಳಸುವುದು. ಆ ದಿನ ಬೆಸುಗೆ ಸೊಗಸಾಗಿ ಕೂರುತ್ತದೆ, ಮುಂದಿನ ಮಳೆಗಾಲಕ್ಕೆ ವಯರ್ ಹಸಿರಾಗಿ ತಿಂದುಹೋಗಿರುತ್ತದೆ. ಮೂರು, ಹಲಗೆಯ ಕೆಳಗೆ ಮಲಗಿ ಮುಖದ ಮೇಲೆ ಸೋಲ್ಡರ್ ಬೀಳಿಸಿಕೊಳ್ಳುವುದು. ಬಸ್‌ಗೆ ಫೀಡರ್ ಸೇರಿಸಲು ಎಲೆಕ್ಟ್ರಿಕಲ್ ಅಂಗಡಿಯ ಸ್ಕ್ರೂ ಕನೆಕ್ಟರ್ ಪಟ್ಟಿ ಬಳಸಿ. ಬೆಸುಗೆಯೇ ಬೇಕೆಂದರೆ ಹಲಗೆಯನ್ನು ನಿಲ್ಲಿಸಿ, ಕನ್ನಡಕ ಹಾಕಿ.

ನಿಮ್ಮ ಎದುರಿನ ಹಳಿ ಕೆಂಪು, ಆಚೆಯ ಹಳಿ ಕರಿ ಎಂದು ಮೊದಲೇ ಗೊತ್ತುಮಾಡಿಕೊಂಡರೂ ಸುತ್ತು ತಿರುಗಿದ ಮೇಲೆ ತಲೆಕೆಳಗಾಗುತ್ತದೆ. ಆದ್ದರಿಂದ ಒಳಸುತ್ತಿನ ಹಳಿ ಕರಿ, ಹೊರಸುತ್ತಿನದು ಕೆಂಪು ಎನ್ನಿ, ಸ್ಕೆಚ್ ಪೆನ್ನಿನಿಂದ ಸ್ಲೀಪರ್ ಪಕ್ಕ ಗುರುತು ಹಾಕಿ. ಒಂದೊಂದು ಫೀಡರ್ ಹಾಕಿದ ಮೇಲೂ ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು ಕೆಂಪು, ಕರಿ ಬಸ್‌ಗಳ ನಡುವೆ ಹಿಡಿಯಿರಿ. ಸದ್ದು ಬರಬಾರದು. ಬಂದರೆ ಈಗಷ್ಟೇ ಹಾಕಿದ ಫೀಡರೇ ತಪ್ಪು, ಬೇರೆಲ್ಲೂ ಹುಡುಕಬೇಕಿಲ್ಲ. ಇಪ್ಪತ್ತು ಫೀಡರ್ ಹಾಕಿ ಕೊನೆಗೊಮ್ಮೆ ನೋಡಿದರೆ ಇಪ್ಪತ್ತನ್ನೂ ಬಿಚ್ಚಬೇಕಾದೀತು. ಈ ಪರೀಕ್ಷೆ ಮಾಡುವಾಗ ಹಳಿಯ ಮೇಲೆ ಎಂಜಿನ್ ಇರಬಾರದು, ಮೋಟರ್ ಮೂಲಕವೂ ಮೀಟರ್ ಕೂಗಬಹುದು.

ಡಿಸಿ ಒಳ್ಳೆಯದೋ ಡಿಸಿಸಿಯೋ ಎಂದೂ ಕೇಳುತ್ತಾರೆ. ಡಿಸಿ ಎಂದರೆ ಹಳಿಗೆ ಕೊಡುವ ವೋಲ್ಟೇಜನ್ನೇ ಹೆಚ್ಚು ಕಡಿಮೆ ಮಾಡಿ ವೇಗ ಬದಲಿಸುವುದು. ಒಂದು ಹಳಿಯಲ್ಲಿ ಎರಡು ಎಂಜಿನ್ ಇದ್ದರೆ ಎರಡೂ ಓಡುತ್ತವೆ. ಡಿಸಿಸಿಯಲ್ಲಿ ಹಳಿಗೆ ಸದಾ ಪೂರ್ತಿ ವೋಲ್ಟೇಜ್ ಇರುತ್ತದೆ, ಅದರ ಜೊತೆಗೇ ಸಂದೇಶ ಹೋಗುತ್ತದೆ. ಎಂಜಿನ್ನೊಳಗಿನ ಡಿಕೋಡರ್ ತನ್ನ ಸಂಖ್ಯೆಯ ಸಂದೇಶಕ್ಕೆ ಮಾತ್ರ ಓಗೊಡುತ್ತದೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಡಿಸಿಯಲ್ಲಿ ಶುರುಮಾಡಿ, ಆದರೆ ಬಸ್ ಮತ್ತು ಫೀಡರ್ ಮಾತ್ರ ಮೇಲೆ ಹೇಳಿದಂತೆಯೇ ಇರಲಿ. ಮುಂದೆ ಡಿಸಿಸಿ ತಂದಾಗ ಒಂದು ವಯರನ್ನೂ ಬದಲಿಸಬೇಕಾಗುವುದಿಲ್ಲ. ಡಿಸಿಯಲ್ಲಿ ಸೈಡಿಂಗ್‌ನಲ್ಲಿ ಒಂದು ಎಂಜಿನ್ ನಿಲ್ಲಿಸಿಡಲು ಅಲ್ಲಿನ ಒಂದು ಹಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಿ, ಫೀಡರ್‌ಗೆ ಒಂದು ಸ್ವಿಚ್ ಕೊಡಿ.

ಡಿಸಿಸಿ ಇದ್ದವರು ಲೇಔಟಿನ ಅಲ್ಲಲ್ಲಿ ಎರಡೂ ಹಳಿಗೆ ಅಡ್ಡಲಾಗಿ ಐದು ರೂಪಾಯಿ ನಾಣ್ಯ ಇಟ್ಟು ನೋಡಿ. ಕಂಟ್ರೋಲರ್ ತಕ್ಷಣ ತಾನೇ ಬಂದ್ ಆಗಬೇಕು. ಯಾವುದಾದರೂ ಜಾಗದಲ್ಲಿ ಆಗದಿದ್ದರೆ ಅಲ್ಲಿ ಫೀಡರ್ ಸಾಲದು ಎಂದರ್ಥ. ನಿಜವಾಗಿ ಗಾಡಿ ಹಳಿ ತಪ್ಪಿ ಶಾರ್ಟ್ ಆದ ದಿನ ಅಲ್ಲಿ ಪ್ಲಾಸ್ಟಿಕ್ ಕರಗೀತು. ಶಾರ್ಟ್ ತಡೆಯುವ ವ್ಯವಸ್ಥೆ ಇರುವ ಕಂಟ್ರೋಲರ್‌ಗೆ ಮಾತ್ರ ಈ ಪರೀಕ್ಷೆ.

230 ವೋಲ್ಟಿನ ಕಡೆ ಏನನ್ನೂ ಬಿಚ್ಚಬೇಡಿ. ತಯಾರಾಗಿ ಬರುವ ಅಡಾಪ್ಟರನ್ನೇ ಬಳಸಿ. ಕರೆಂಟ್ ಹೋದ ತಕ್ಷಣ ಡಿಸಿ ಕಂಟ್ರೋಲರಿನ ಗುಂಡಿಯನ್ನು ಸೊನ್ನೆಗೆ ತನ್ನಿ. ಮರೆತರೆ ಕರೆಂಟ್ ಬಂದಾಗ ಗಾಡಿ ಒಮ್ಮೆಲೇ ನೆಗೆಯುತ್ತದೆ.

ಹಂತ 6: ಪಾಯಿಂಟ್‌ಗಳು

ಒಂದು ಹಳಿ ಎರಡಾಗಿ ಕವಲೊಡೆಯುವ ತುಂಡೇ ಪಾಯಿಂಟ್. ಅದರ ನಡುವೆ ಎರಡು ಹಳಿ ಕೂಡುವ ಚೂಪು ತುದಿಗೆ ಫ್ರಾಗ್ ಎನ್ನುತ್ತಾರೆ. ಪೆಕೋದಂಥ ಕಂಪನಿಗಳಲ್ಲಿ ಎರಡು ಬಗೆ ಸಿಗುತ್ತವೆ. ಇನ್ಸುಲ್‌ಫ್ರಾಗ್‌ನಲ್ಲಿ ಆ ತುದಿ ಪ್ಲಾಸ್ಟಿಕ್. ವಯರಿಂಗ್ ಸುಲಭ, ಆದರೆ ನಾಲ್ಕು ಗಾಲಿಯ ಚಿಕ್ಕ ಶಂಟಿಂಗ್ ಎಂಜಿನ್ ಅದರ ಮೇಲೆ ನಿಧಾನ ಬಂದರೆ ನಿಂತೀತು. ಎಲೆಕ್ಟ್ರೋಫ್ರಾಗ್‌ನಲ್ಲಿ ತುದಿಯೂ ಲೋಹ. ಎಂಜಿನ್ ನಿಲ್ಲುವುದಿಲ್ಲ, ಆದರೆ ಫ್ರಾಗ್‌ನಿಂದ ಮುಂದೆ ಹೋಗುವ ಎರಡೂ ಒಳಹಳಿಗಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಲೇಬೇಕು. ಮರೆತರೆ ಪಾಯಿಂಟ್ ತಿರುಗಿಸಿದ ಕೂಡಲೇ ಶಾರ್ಟ್. ಉದ್ದ ಎಂಜಿನ್‌ಗಳೇ ಇದ್ದರೆ ಮೊದಲ ಲೇಔಟಿಗೆ ಇನ್ಸುಲ್‌ಫ್ರಾಗ್ ಸಾಕು.

ಪಾಯಿಂಟ್ ತಿರುಗಿಸುವ ಕಾಯಿಲ್ ಮೋಟರಿಗೆ ಒತ್ತಿದಾಗ ಮಾತ್ರ ಕರೆಂಟ್ ಹೋಗುವ ಪುಶ್ ಬಟನ್ ಹಾಕಿ. ಸಾಮಾನ್ಯ ಸ್ವಿಚ್ ಹಾಕಿದರೆ ಕಾಯಿಲ್ ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ. ಕೈಯಿಂದ ತಿರುಗಿಸುವುದಾದರೆ ಇನ್ನೂ ಚೆಂದ.

ಹಳಿ ಸುತ್ತಿ ಬಂದು ತನ್ನನ್ನೇ ಸೇರುವ ಬಲೂನ್ ಆಕಾರ ನಕ್ಷೆಯಲ್ಲಿದ್ದರೆ ಎಚ್ಚರ. ಅಲ್ಲಿ ಕೆಂಪು ಹಳಿ ಕರಿ ಹಳಿಯನ್ನು ಮುಟ್ಟುತ್ತದೆ. ಆ ಸುತ್ತಿನ ಎರಡೂ ತುದಿಯಲ್ಲಿ ಎರಡೂ ಹಳಿಗಳನ್ನು ಬೇರ್ಪಡಿಸಿ, ಡಿಸಿಯಾದರೆ ಪ್ಲಸ್-ಮೈನಸ್ ಅದಲುಬದಲು ಮಾಡುವ ಸ್ವಿಚ್, ಡಿಸಿಸಿಯಾದರೆ ಆಟೋ ರಿವರ್ಸರ್ ಬೇಕು. ಬೇರ್ಪಡಿಸಿದ ಭಾಗ ನಿಮ್ಮ ಅತಿ ಉದ್ದದ ಗಾಡಿಗಿಂತ ಉದ್ದ ಇರಬೇಕು.

ಹಂತ 7: ಓಡಿಸಿ, ಮತ್ತೆ ಓಡಿಸಿ

ಒಂದು ವಾರ ಬರೀ ಹಲಗೆಯ ಮೇಲೆ ಗಾಡಿ ಓಡಿಸಿ. ವೇಗವಾಗಿ ಅಲ್ಲ, ಎಂಜಿನ್ ತೆವಳುವಷ್ಟು ನಿಧಾನವಾಗಿ, ಎರಡೂ ದಿಕ್ಕಿಗೆ. ವೇಗದಲ್ಲಿ ಕಾಣದ ಕೀಲಿನ ದೋಷ ತೆವಳುವಾಗ ಕಾಣುತ್ತದೆ. ಮುಗ್ಗರಿಸಿದ ಜಾಗಕ್ಕೆಲ್ಲ ಕೆಂಪು ಟೇಪ್ ಅಂಟಿಸಿ, ಒಂದೊಂದೇ ಸರಿಪಡಿಸಿ. ಅತಿ ಉದ್ದದ ಗಾಡಿಯನ್ನು ಹಿಂದಕ್ಕೆ ನೂಕಿಸಿ. ಮುಂದೆ ಎಳೆದಾಗ ಸುಮ್ಮನಿದ್ದ ವ್ಯಾಗನ್ ನೂಕಿದಾಗ ಪಾಯಿಂಟ್‌ನಲ್ಲಿ ಹಳಿ ತಪ್ಪುವುದುಂಟು. ಟೇಪ್ ಒಂದೂ ಉಳಿಯದಿದ್ದಾಗ ಮುಂದಿನ ಹಂತ.

ಹಂತ 8: ಜಲ್ಲಿ

ಹಳಿಯ ನಿಜವಾದ ಜಲ್ಲಿ ಹೆಚ್ಚೆಂದರೆ 65 ಮಿ.ಮೀ. ಗಾತ್ರದ್ದು. 87ರಿಂದ ಭಾಗಿಸಿದರೆ ಮುಕ್ಕಾಲು ಮಿ.ಮೀ.ಗೂ ಒಳಗೆ. ಕ್ರಷರ್ ಪುಡಿ ಒಂದು ಚೀಲ ತಂದು ಚಹಾ ಸೋಸುವ ಜಾಲರಿಯಲ್ಲಿ ಜಾಲಾಡಿ. ಕೆಳಗೆ ಬಿದ್ದದ್ದನ್ನು ಹಿಟ್ಟಿನ ಸಣ್ಣ ಜರಡಿಯಲ್ಲಿ ಮತ್ತೆ ಸೋಸಿ, ಧೂಳು ಬೀಳಲಿ. ಜರಡಿಯಲ್ಲಿ ಉಳಿದದ್ದೇ ನಿಮ್ಮ ಜಲ್ಲಿ. ತೊಳೆದು ಒಣಗಿಸಿ, ಅದರಲ್ಲಿ ಅಯಸ್ಕಾಂತ ಆಡಿಸಿ. ಇದನ್ನು ಬಿಟ್ಟರೆ ಕಬ್ಬಿಣದ ಕಣ ಎಂಜಿನ್ ಮೋಟರಿಗೆ ಅಂಟಿ ಅದನ್ನು ಕೆಡಿಸುತ್ತದೆ.

ಹಳಿಯ ನಡುವೆ ಸುರಿದು ಮೆತ್ತನೆಯ ಬ್ರಷ್‌ನಿಂದ ಸ್ಲೀಪರ್ ಮಟ್ಟಕ್ಕಿಂತ ತುಸು ಕೆಳಗೆ ಹರಡಿ. ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ. ಆಮೇಲೆ ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರು ಕಲಸಿ ಸೂಜಿಯಿಲ್ಲದ ಸಿರಿಂಜ್‌ನಿಂದ ಹನಿ ಹನಿಯಾಗಿ ಬಿಡಿ. ಮೊದಲು ತೋಯಿಸದಿದ್ದರೆ ಅಂಟು ಮುತ್ತಿನಂತೆ ಉರುಳಿ ಜಲ್ಲಿಯನ್ನು ಎಳೆದೊಯ್ಯುತ್ತದೆ. ಪಾಯಿಂಟಿನ ಅಲುಗಾಡುವ ಭಾಗದ ಹತ್ತಿರ ಅಂಟು ಬೇಡವೇ ಬೇಡ.

ಹಂತ 9: ನೆಲ, ಬೆಳೆ, ಗಿಡ

ಈಗ ಖುಷಿಯ ಕೆಲಸ. ಹಳಿಗೆ ಪೂರ್ತಿ ಮಾಸ್ಕಿಂಗ್ ಟೇಪ್ ಅಂಟಿಸಿ ಶುರುಮಾಡಿ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ನನ್ನ ಆಯ್ಕೆ ಹಿಂಗಾರಿ. ಬಿಳಿಜೋಳ ನಿಂತಿರುತ್ತದೆ, ಕಡಲೆ, ಕುಸುಬೆ ಇರುತ್ತವೆ, ಕಣದಲ್ಲಿ ಮೆಣಸಿನಕಾಯಿ ಒಣಗುತ್ತಿರುತ್ತದೆ. ಅಂಗಡಿಯ ಹಸಿರು ಹುಲ್ಲಿನ ಹಾಳೆ ಅಂಟಿಸಿದವರ ಲೇಔಟ್ ಯಾವ ಊರಿನದೂ ಆಗುವುದಿಲ್ಲ.

ಎರೆ ಮಣ್ಣನ್ನು ಹೊಲದಿಂದಲೇ ತನ್ನಿ. ಪುಡಿ ಮಾಡಿ, ಸೋಸಿ, ಹಳೆಯ ಹಂಚಿನ ಮೇಲೆ ಹುರಿಯಿರಿ, ಹುಳ ಮತ್ತು ಬೀಜ ಸಾಯಲಿ. ಕೆಸರಿನಂತೆ ಕಲಸಿ ಬಳಿಯಬೇಡಿ. ಎರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ, ಮಾದರಿಯಲ್ಲಿ ಆ ಬಿರುಕು ಎತ್ತು ಬೀಳುವಷ್ಟು ದೊಡ್ಡದಾಗಿ ಕಾಣುತ್ತದೆ. ಹಲಗೆಗೆ ಕಂದು ಬಣ್ಣ ಬೆರೆಸಿದ ಫೆವಿಕಾಲ್ ಬಳಿದು, ಒಣ ಪುಡಿಯನ್ನು ಜಾಲರಿಯಿಂದ ಉದುರಿಸಿ. ಹಾವೇರಿ ಕಡೆಯ ನೋಟವಾದರೆ ಕೆಂಪು ಮಣ್ಣೂ ಅಲ್ಲಲ್ಲಿ ಸೇರಲಿ. ಅಂಟು ಹಸಿಯಿರುವಾಗಲೇ ಹಳೆಯ ಬಾಚಣಿಗೆ ಎಳೆದರೆ ಕುಂಟೆ ಹೊಡೆದ ಸಾಲು ಮೂಡುತ್ತವೆ.

ಜೋಳಕ್ಕೆ ಸೆಣಬಿನ ಚೀಲದ ಎಳೆ. ಎರಡೂವರೆ ಸೆಂ.ಮೀ. ಎತ್ತರಕ್ಕೆ ಕತ್ತರಿಸಿ ಸಣ್ಣ ಕಟ್ಟು ಮಾಡಿ, ಅರ್ಧ ಸೆಂ.ಮೀ. ಅಂತರದ ಸಾಲಿನಲ್ಲಿ ನೆಡಿ. ತುದಿಗೆ ಅಂಟು ಮುಟ್ಟಿಸಿ ರವೆಯಲ್ಲಿ ಅದ್ದಿದರೆ ತೆನೆ ಚೆನ್ನಾಗಿ ಕಾಣುತ್ತದೆ, ಆದರೆ ಇರುವೆ ಬರುತ್ತವೆ. ರವೆಯ ಬದಲು ಸೋಸಿದ ಮರಳು ಬಳಸಿ. ಬ್ಯಾಡಗಿ ಮೆಣಸಿನಕಾಯಿಯ ಕಣಕ್ಕೆ ಕಟ್ಟಿಗೆ ಹೊಟ್ಟನ್ನು ಕಡುಗೆಂಪು ಪೋಸ್ಟರ್ ಬಣ್ಣದಲ್ಲಿ ಕಲಸಿ ಒಣಗಿಸಿ ಹರಡಿ. ನಿಜವಾದ ಖಾರದ ಪುಡಿ ಬೇಡ, ಹುಳ ಬೀಳುತ್ತದೆ, ಬಣ್ಣವೂ ಹೋಗುತ್ತದೆ.

ಗಿಡಗಳನ್ನು ಎಲ್ಲರೂ ಗಿಡ್ಡ ಮಾಡುತ್ತಾರೆ. ಬಲಿತ ಬೇವಿನ ಮರ 13 ಮೀಟರ್ ಇದ್ದರೆ ಮಾದರಿಯಲ್ಲಿ 15 ಸೆಂ.ಮೀ. ಇರಬೇಕು, ಸ್ಟೇಷನ್ ಕಟ್ಟಡಕ್ಕಿಂತ ಎತ್ತರ. ಹಳೆಯ ವಯರಿನ ತಾಮ್ರದ ಎಳೆಗಳನ್ನು ಬುಡದಲ್ಲಿ ಹೆಣೆದು ಮೇಲೆ ಕವಲು ಬಿಡಿಸಿ, ಫೆವಿಕಾಲ್ ಮತ್ತು ಮಣ್ಣಿನ ಲೇಪ ಕೊಡಿ. ಎಲೆಗೆ ಗಾದಿಯ ಸ್ಪಂಜನ್ನು ನೀರು ಹಾಕಿ ಹಳೆಯ ಮಿಕ್ಸಿಯಲ್ಲಿ ಪುಡಿ ಮಾಡಿ ಬಣ್ಣ ಹಾಕಿ. ಅಡುಗೆಯ ಮಿಕ್ಸಿ ಮುಟ್ಟಿ ಮನೆಯಲ್ಲಿ ಜಗಳ ಮಾಡಿಕೊಳ್ಳಬೇಡಿ. ಜಾಲಿ ಗಿಡಕ್ಕೆ ಒಣಗಿದ ತುಳಸಿ ಕದಿರು ಸೊಗಸಾಗಿ ಒಗ್ಗುತ್ತದೆ.

ಕಪ್ಪತಗುಡ್ಡದಂಥ ಬೋಳು ಗುಡ್ಡ ಬೇಕಾದರೆ ರಟ್ಟಿನ ಪಟ್ಟಿಗಳ ಜಾಲ ಹೆಣೆದು, ಔಷಧಿ ಅಂಗಡಿಯ ಗಾಜ್ ಬಟ್ಟೆಯನ್ನು ಪಿಒಪಿಯಲ್ಲಿ ಅದ್ದಿ ಎರಡು ಮೂರು ಪದರ ಹೊದಿಸಿ. ಥರ್ಮೋಕೋಲ್ ಬಳಸುವವರು ಅದಕ್ಕೆ ರಬ್ಬರ್ ಅಂಟನ್ನೂ ಸ್ಪ್ರೇ ಪೇಂಟನ್ನೂ ತಾಕಿಸಬಾರದು, ಕರಗಿ ಗುಂಡಿ ಬೀಳುತ್ತದೆ. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವ ಆಸೆ ಗದಗದವರಿಗೆ ಇದ್ದೇ ಇರುತ್ತದೆ. 80 ಮೀಟರಿನ ಕಂಬ ಎಚ್‌ಒದಲ್ಲಿ 92 ಸೆಂ.ಮೀ. ಆಗುತ್ತದೆ! ಅದನ್ನು ಹಿಂದಿನ ಪರದೆಯ ಮೇಲೆ ಚಿಕ್ಕದಾಗಿ ಬರೆದುಬಿಡಿ.

ಮನೆಗಳು ಫೋಮ್ ಬೋರ್ಡಿನವು: ಗದಗ ಕಡೆಗೆ ಮಟ್ಟಸ ಮಣ್ಣಿನ ಮಾಳಿಗೆ, ಧಾರವಾಡ-ಅಳ್ನಾವರ ಕಡೆಗೆ ಹಂಚಿನ ಮನೆ. ಸ್ಟೇಷನ್ನಿನ ಹಳದಿ ಫಲಕ ಮರೆಯಬೇಡಿ. ವಿದ್ಯುತ್ ಕಂಬ, ತಂತಿಗಳನ್ನು ಎಲ್ಲ ಮುಗಿದ ಮೇಲೆ ಹಾಕಿ, ಇಲ್ಲವಾದರೆ ತೋಳು ತಾಗಿ ಮುರಿಯುತ್ತವೆ. ನಿಜದಲ್ಲಿ ಕಂಬದಿಂದ ಕಂಬಕ್ಕೆ 72 ಮೀಟರ್‌ವರೆಗೂ ಅಂತರ ಇರುತ್ತದೆ, ಮಾದರಿಯಲ್ಲಿ ಅರ್ಧಕ್ಕೆ ಇಳಿಸಿ 40 ಸೆಂ.ಮೀ.ಗೆ ಒಂದು ನಿಲ್ಲಿಸಿದರೆ ಕಣ್ಣಿಗೆ ಒಪ್ಪುತ್ತದೆ.

ಹಂತ 10: ಧೂಳು, ಇಲಿ, ಮತ್ತು ಗಾಡಿ ಮತ್ತೆ ನಿಂತರೆ

ಆಟ ಮುಗಿದ ಮೇಲೆ ಹಳೆಯ ಧೋತರವನ್ನೋ ಸೀರೆಯನ್ನೋ ಹೊದಿಸಿ. ಹಳಿಗೆ ಉಸುಕಿನ ಕಾಗದ ಹಚ್ಚಬೇಡಿ, ಅದು ಬಿಟ್ಟ ಗೀರುಗಳಲ್ಲೇ ಮುಂದೆ ಕೊಳೆ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಹತ್ತಿ ಬಟ್ಟೆಯಿಂದ ಒರೆಸಿ, ಕಿಟಕಿ ತೆರೆದಿಟ್ಟು, ದೀಪ-ಊದಿನಕಡ್ಡಿ ದೂರವಿಟ್ಟು. ಎಂಜಿನ್ ಗಾಲಿಗಳನ್ನೂ ಹಾಗೆಯೇ ಒರೆಸಿ. ಕೆಳಗಿನ ವಯರ್‌ಗಳನ್ನು ಇಲಿ ಕಡಿಯದಂತೆ ಜೋತುಬೀಳಲು ಬಿಡದೆ ಕ್ಲಿಪ್ ಹೊಡೆಯಿರಿ.

ಎಲ್ಲ ಸರಿಯಿದ್ದೂ ಗಾಡಿ ನಿಂತರೆ ಈ ಕ್ರಮದಲ್ಲಿ ನೋಡಿ. ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿದ್ದರೆ ಗಾಲಿ ಕೊಳೆಯಾಗಿದೆ. ಒಂದೇ ಜಾಗದಲ್ಲಿ ಎಲ್ಲ ಎಂಜಿನ್‌ಗಳೂ ನಿಂತರೆ ಅಲ್ಲಿನ ಹಳಿ ಒರೆಸಿ, ಆಮೇಲೆ ಫೀಡರ್ ಅಲುಗಾಡಿಸಿ ನೋಡಿ. ಪಾಯಿಂಟ್ ದಾಟಿದ ಮೇಲೆ ನಿಂತರೆ ಅದರ ಅಲಗು (ಪಕ್ಕಕ್ಕೆ ಸರಿಯುವ ಚೂಪು ಹಳಿ) ಬದಿಯ ಹಳಿಗೆ ಪೂರ್ತಿ ಒತ್ತಿಲ್ಲ, ನಡುವೆ ಜಲ್ಲಿ ಕಣ ಸಿಕ್ಕಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಈ ಯಾವುದೂ ಅಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಎಂಜಿನ್ನಿನ ಸ್ಕ್ರೂ ಬಿಚ್ಚಿ.